ಸರಪಳಿ ದಪ್ಪ ಮಾಡಿದರೆ ಸಾಲದೆ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಮಳೆಗಾಲ ಬಂತೆಂದರೆ ಮುಂಬಯಿಯ ಗೇಟ್‌ವೇ–ಮಾಂಡ್ವಾ (ಅಲಿಬಾಗ್ ಕಡೆಯ ದಕ್ಕೆ) ಲಾಂಚ್ ಬಂದ್. ನಾರ್ವೆಯವರ ಹಾಗೆ ನಾವೂ ನೀರೊಳಗೆ ತೇಲುವ ಸುರಂಗ ಹಾಕಬಾರದೆ? ಸೆಳೆತ ಜೋರಿದ್ದರೆ ಕಟ್ಟುವ ಸರಪಳಿ ದಪ್ಪ ಮಾಡಿದರಾಯ್ತು, ಅಲ್ವಾ?"

ನಾರ್ವೆಯವರೂ ಇನ್ನೂ ಹಾಕಿಲ್ಲ ಸ್ವಾಮಿ! ನಕ್ಷೆ, ಲೆಕ್ಕ, ಮಾದರಿ ಪರೀಕ್ಷೆ ಎಲ್ಲ ಆಗಿದೆ, ಅಷ್ಟೆ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ತೋಳಾದ ಅವರ ಸೋಗ್ನೆ ಫಿಯೋರ್ಡ್‌ನ ಆಳ ಸುಮಾರು 1,300 ಮೀಟರ್. ಕಂಬ ನಿಲ್ಲಿಸುವ ಮಾತೇ ಇಲ್ಲ. ಅದಕ್ಕೇ ಹಡಗಿಗೆ ತಾಗದಷ್ಟು ಕೆಳಗೆ, 20–30 ಮೀಟರ್ ಆಳದಲ್ಲಿ, ಸುರಂಗದ ಕೊಳವೆ ತೇಲಿಸುವ ಯೋಚನೆ.

ಈಗ ಸರಪಳಿಗೆ ಬರೋಣ. ಖಾಲಿ ಕೊಡವನ್ನು ನೀರಿಗೆ ಒತ್ತಿ ನೋಡಿದ್ದೀರಲ್ಲ, ಕೈಯನ್ನೇ ಮೇಲಕ್ಕೆ ತಳ್ಳುತ್ತದೆ. ಈ ಕೊಳವೆಯೂ ಹಾಗೆಯೇ. ತಳಕ್ಕೆ ಬಿಗಿಯುವುದು ಅದು ಮುಳುಗದಿರಲಿ ಎಂದಲ್ಲ, ಮೇಲೇಳದಿರಲಿ ಎಂದು. ಮೇಲೇಳುವ ಬಲ ತೂಕಕ್ಕಿಂತ ಸಾಕಷ್ಟು ಜಾಸ್ತಿ ಇರಬೇಕು. ಇಲ್ಲವಾದರೆ ಅಲೆ ಬಂದಾಗ ತಳಕ್ಕೆ ಬಿಗಿದ ಕಟ್ಟು (ನೀವು ಹೇಳುವ ಸರಪಳಿ) ಒಮ್ಮೆ ಸಡಿಲಾಗಿ, ಮರುಕ್ಷಣ ಜಗ್ಗುತ್ತದೆ. ಹಗ್ಗ ಹರಿಯುವುದು ಆ ಜಗ್ಗಿನಲ್ಲೇ.

ಸೆಳೆತದ ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ನೆಟ್ಟಗೆ ಕೆಳಕ್ಕೆ ಕಟ್ಟಿದರೆ ಕೊಳವೆ ಪಕ್ಕಕ್ಕೆ ಸರಿದು, ಜೊತೆಗೆ ಕೆಳಗೂ ಇಳಿಯುತ್ತದೆ. ಹಾಗಾಗಿ ಎರಡೂ ಕಡೆಯಿಂದ ಓರೆಯಾಗಿ ಕಟ್ಟುತ್ತಾರೆ. ಇಲ್ಲಿವರೆಗೆ ನಿಮ್ಮ ಮಾತು ನಡೆದೀತು.

ನಿಜವಾದ ತಲೆನೋವು ಬೇರೆ. ನಮ್ಮೂರ ಹೊಳೆಯಲ್ಲಿ ದೋಣಿ ಕಟ್ಟಲು ಬಿದಿರು ಊರುತ್ತಿದ್ದರು. ಆಷಾಢದಲ್ಲಿ ನೀರು ಏರಿದರೆ ಅದು ಗಡಗಡ ನಡುಗುತ್ತಿತ್ತು. ನೀರು ಹರಿಯುವ ದಿಕ್ಕಿಗಲ್ಲ, ಅಡ್ಡಕ್ಕೆ! ಬಿದಿರಿನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ. ಒಂದೊಂದು ಸುಳಿಯೂ ಒಂದೊಂದು ಎಳೆತ. ಸುರಂಗಕ್ಕೂ ಅದರ ಕಟ್ಟಿಗೂ ಇದೇ ಕಥೆ. ಸೆಕೆಂಡಿಗೆ 1 ಮೀಟರ್ ಸೆಳೆತದಲ್ಲಿ 1 ಮೀಟರ್ ದಪ್ಪದ ಕಟ್ಟಿಗೆ ಸುಮಾರು 5 ಸೆಕೆಂಡಿಗೊಮ್ಮೆ ಈ ಓಲಾಟ. 12 ಮೀಟರ್ ಅಗಲದ ಕೊಳವೆಗೆ ನಿಮಿಷಕ್ಕೊಮ್ಮೆ. ಕಟ್ಟಿನ ಅಥವಾ ಕೊಳವೆಯ ಸ್ವಂತ ಓಲಾಟದ ತಾಳಕ್ಕೆ ಇದು ಕೂಡಿಬಂತೋ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಓಲಾಟ ಜೋರಾಗುತ್ತದೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಉಕ್ಕು ಸೀಳುತ್ತದೆ. ಸುಮ್ನೆ ದಪ್ಪ ಮಾಡಿದರೆ ತಾಳ ಬದಲಾದೀತು, ನೀರಿಗೆ ಒಡ್ಡುವ ಮೈಯೂ ಹೆಚ್ಚೀತು. ಅದರ ಬದಲು ಬಿಗಿತ ಹೊಂದಿಸುತ್ತಾರೆ, ಇಲ್ಲವೇ ಕಟ್ಟಿಗೆ ತಿರುಪಿನಂತೆ ಪಟ್ಟಿ ಸುತ್ತುತ್ತಾರೆ. ಉಕ್ಕಿನ ಚಿಮಣಿಗಳ ನೆತ್ತಿಯಲ್ಲಿ ನೋಡಿರಬಹುದು. ಸುಳಿಗಳು ಒಟ್ಟಿಗೆ ಬಿಡದಂತೆ ಅದು ಚದುರಿಸುತ್ತದೆ.

ಇನ್ನು ಮಾಂಡ್ವಾ. ಮುಂಬಯಿ ಬಂದರಿನಲ್ಲಿ ಅಷ್ಟು ಆಳವೇ ಇಲ್ಲ. ಕೊಳವೆ ಇಟ್ಟರೆ ಹಡಗಿಗೆ ಜಾಗವಿಲ್ಲ. ಮುಂಬಯಿ–ನವಿ ಮುಂಬಯಿ ನಡುವೆ 2024ರಲ್ಲಿ ತೆರೆದ ಅಟಲ್ ಸೇತು ಕಂಬಗಳ ಮೇಲೆ ನಿಲ್ಲಲು ಸಾಧ್ಯವಾದದ್ದೂ ನೀರು ಆಳವಿಲ್ಲದ್ದರಿಂದಲೇ. ಲಾಂಚ್ ಬಂದಾದಾಗ ಅಲಿಬಾಗಿಗೆ ನಿಮಗೆ ಪೇಣ್ ಮೂಲಕ ಹೋಗುವ ರಸ್ತೆ ಇದ್ದೇ ಇದೆ. ವಡಖಳ್ ನಾಕಾದಲ್ಲಿ ಬಿಸಿ ವಡಾ-ಪಾವ್ ಆದರೂ ಸಿಗುತ್ತದೆ.