ಸಿದ್ದಿ ಅಜ್ಜಿ ಮೈಕ್ ಮುಂದೆ ಮಾತಾಡದಿದ್ದರೆ

ಯಲ್ಲಾಪುರದ ಸಿದ್ದಿ ಅಜ್ಜಿ (ಸಿದ್ದಿಗಳೆಂದರೆ ಹಿಂದೆ ಆಫ್ರಿಕಾದಿಂದ ಬಂದವರ ವಂಶದ ಸಮುದಾಯ) ನಿಮ್ಮ ರೇಡಿಯೋ ಮಾತುಕತೆಯಲ್ಲಿ ಬರೀ ‘ಹೌದು’, ‘ಇಲ್ಲ’ ಅನ್ನುತ್ತಾರೆ, ಮಾತಾಡಿಸುವುದು ಹೇಗೆ ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ಮೊದಲ ಪ್ರಶ್ನೆಯೇ: ‘ನಿಮ್ಮ ಮೂಲ ಆಫ್ರಿಕಾ ಅಲ್ವಾ?’ ಇಲ್ಲೇ ಹುಟ್ಟಿ ಬೆಳೆದವರಿಗೆ ಅದು ‘ನೀವು ಹೊರಗಿನವರು’ ಅಂದಂತೆ ಕೇಳಿಸುತ್ತದೆ. ನಾನೂ ಈ ತಪ್ಪು ಮಾಡಿದ್ದೆ.

ಕೌದಿಯಿಂದ ಶುರು ಮಾಡಿ. ಮೂಲೆಗೆ ಹೊಲಿದ ಬಟ್ಟೆಯ ಹೂವನ್ನು ತೋರಿಸಿ, ಈ ತುಂಡು ಯಾರ ಸೀರೆಯದು ಅಂತ ಕೇಳಿ. ಆಮೇಲೆ ಸಿದ್ದಿಗಳ ಚರ್ಮವಾದ್ಯ ಡಮಾಮಿಯ ಬಗ್ಗೆ ಕೇಳಿ. ಅದನ್ನು ಬಾರಿಸುವಾಗ ಮೈಕ್ ದೂರ ಇಡಿ, ಇಲ್ಲದಿದ್ದರೆ ದನಿ ಒಡೆಯುತ್ತದೆ. ಅಜ್ಜಿ ಕೊಂಕಣಿಗೆ ಹೊರಳಿದರೆ ತಡೆಯಬೇಡಿ. ಪೋರ್ಚುಗೀಸರ ಕಾಲದ ಗುಲಾಮಗಿರಿ, ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದ್ದು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು, ಇವನ್ನೆಲ್ಲ ಪೀಠಿಕೆಯಲ್ಲಿ ನೀವೇ ಹೇಳಿ.

ಒಂದೇ ದಿನಕ್ಕೆ ಮಾತು ಬಿಚ್ಚುತ್ತಾರೆ ಅಂತ ಹೇಳಲಾರೆ. ಎರಡನೇ ಸಲ ಹೋದಾಗ ರೆಕಾರ್ಡ್ ಆದದ್ದನ್ನು ಮೊದಲು ಅವರಿಗೇ ಕೇಳಿಸಿ.