ರಾತ್ರಿ ಮಂಜಿನಲ್ಲಿ ಸಣ್ಣ ವಿಮಾನಗಳು ಯಾಕೆ ಬೀಳುತ್ತವೆ? ಲೈಟ್ ಇರುತ್ತಲ್ವಾ?

ಲೈಟ್ ಇರುತ್ತೆ, ಆದರೆ ಅದು ನೆಲದ ಹತ್ತಿರ ಬಂದಾಗ ರನ್‌ವೇ ಕಾಣಲಿಕ್ಕೆ. ಮಂಜಿನಲ್ಲಿ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಮಳೆಗಾಲದಲ್ಲಿ ಚೋರ್ಲಾ ಘಾಟ್‌ನಲ್ಲಿ ಹೈಬೀಮ್ ಹಾಕಿ ನೋಡಿದ ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಸಲಿ ತೊಂದರೆ ಇರುವುದು ಕಿವಿಯೊಳಗೆ. ಒಳಕಿವಿಯ ಕೊಳವೆಗಳಲ್ಲಿರುವ ದ್ರವ ಅಲುಗಾಡಿದರೆ ಮಾತ್ರ ನಾವು ತಿರುಗುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ವಿಮಾನ ತೀರಾ ನಿಧಾನಕ್ಕೆ ವಾಲಿದರೆ ಗೊತ್ತೇ ಆಗಲ್ಲ, ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡ್ ತಿರುಗಿದರೆ ದ್ರವವೂ ಜೊತೆಗೇ ತಿರುಗಿ, ನೆಟ್ಟಗೆ ಹೋಗುತ್ತಿದ್ದೇವೆ ಅನಿಸಿಬಿಡುತ್ತದೆ. ಹಗಲಲ್ಲಿ ದಿಗಂತ ನೋಡಿ ಸರಿಮಾಡಿಕೊಳ್ಳಬಹುದು. ಕತ್ತಲಲ್ಲಿ ಅದೂ ಇಲ್ಲ. ವಾಲಿದ ವಿಮಾನ ಕೆಳಗಿಳಿಯತೊಡಗುತ್ತದೆ, ಪೈಲಟ್ ಗಾಬರಿಯಲ್ಲಿ ಮೂತಿ ಮೇಲೆತ್ತಲು ಕಂಟ್ರೋಲ್ ಎಳೆಯುತ್ತಾನೆ, ರೆಕ್ಕೆ ಮಟ್ಟ ಮಾಡದೆ ಎಳೆದರೆ ಸುತ್ತು ಇನ್ನೂ ಬಿಗಿಯಾಗಿ ಇನ್ನೂ ಜೋರಾಗಿ ಇಳಿಯುತ್ತದೆ. ಇಂಜಿನ್, ರೆಕ್ಕೆ ಎಲ್ಲಾ ಸರಿ ಇದ್ದೂ!

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ಸಣ್ಣ ವಿಮಾನ ಹಾರಿಸುತ್ತಾ ಸತ್ತಿದ್ದು ಹೀಗೆಯೇ. ಮಬ್ಬು ಕವಿದಿತ್ತು, ಕೆಳಗೆ ಸಮುದ್ರ, ಬರೀ ಉಪಕರಣ ನೋಡಿ ಹಾರಿಸುವ ಪರವಾನಗಿ ಅವರಿಗೆ ಇರಲಿಲ್ಲ.

ದೊಡ್ಡ ವಿಮಾನದಲ್ಲಿ ಇಬ್ಬರು ಪೈಲಟ್, ಆಟೋಪೈಲಟ್ ಇರುತ್ತೆ, ಉಪಕರಣ ನಂಬಿ ಹಾರಿಸುವ ಅಭ್ಯಾಸವೂ ಇರುತ್ತೆ. ಸಣ್ಣದರಲ್ಲಿ ಬಹಳ ಸಲ ಒಬ್ಬರೇ. ಕಿವಿ ಒಂದು ಹೇಳಿ, ಕಣ್ಣೆದುರಿನ ಡಯಲ್ ಇನ್ನೊಂದು ಹೇಳಿದರೆ ಡಯಲನ್ನೇ ನಂಬಬೇಕು. ಕೇಳೋಕೆ ಸುಲಭ, ಆದರೆ ಮೈಯೆಲ್ಲಾ ಬೇಡ ಅನ್ನುತ್ತಿರುತ್ತೆ.