ಹಿಂದಿನಿಂದ ಪೂರ್ತಿ ಕೊಯ್ಯಬೇಡಿ: ಮರ ಉರುಳಿಸಲು ಹೊರಟವರ ಪ್ರಶ್ನೆಗಳಿಗೆ ಉತ್ತರ

ಮರ ಕಡಿಯುವ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಸುತ್ತಿಬಳಸಿ ಒಂದೇ ಪ್ರಶ್ನೆ ಕೇಳುತ್ತವೆ. ಈ ಸಲ ಜಾಗವೆಲ್ಲ ಬಹುಪಾಲು ಅದಕ್ಕೇ. ಹೆಲ್ಮೆಟ್, ಮುಖದ ಜಾಲರಿ, ಕಿವಿಯ ಮಫ್, ಚೈನ್‌ಸಾ ಪ್ಯಾಂಟ್, ಗಟ್ಟಿ ಬೂಟು ಇವುಗಳ ಬಗ್ಗೆ ನಾನೇನೂ ಬರೆಯುವುದಿಲ್ಲ. ಅವಿಲ್ಲದೆ ಮರದ ಬುಡಕ್ಕೆ ಹೋಗುವವರು ಮುಂದೆ ಓದಿಯೂ ಪ್ರಯೋಜನವಿಲ್ಲ.

ಪ್ರಶ್ನೆ: ಬೀಳಬೇಕಾದ ಕಡೆ ಕಚ್ಚು (ಎರಡು ಕೊಯ್ತ ಸೇರಿಸಿ ತೆಗೆದ ತ್ರಿಕೋನದ ಬಾಯಿ) ಹಾಕಿ, ಹಿಂದಿನಿಂದ ಕೊಯ್ಯುತ್ತಾ ಬಂದೆ. ಎಷ್ಟು ಕೊಯ್ದರೂ ಮರ ಅಲುಗಲಿಲ್ಲ. ಪೂರ್ತಿ ಕೊಯ್ದುಬಿಟ್ಟರೆ ಬೇಗ ಬೀಳುವುದಿಲ್ಲವೇ?

ಬೀಳುತ್ತದೆ. ಎತ್ತ ಬೀಳುತ್ತದೆ ಎಂಬುದಷ್ಟೇ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹೊಸಬರೆಲ್ಲ ಎಷ್ಟು ಕೊಯ್ಯಬೇಕು ಎಂದು ಕೇಳುತ್ತಾರೆ. ಎಷ್ಟು ಉಳಿಸಬೇಕು ಎಂದು ಕೇಳಿದವರು ಅಪರೂಪ. ಮುಂದಿನ ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಬಿಟ್ಟ ಮರದ ಪಟ್ಟಿಯೇ ಕೀಲು. ಬಾಗಿಲು ತನ್ನ ಕೀಲಿನ ಮೇಲೆ ತಿರುಗಿದ ಹಾಗೆ ಮರ ಈ ಪಟ್ಟಿಯ ಮೇಲೆ ಬಾಗುತ್ತಾ ಇಳಿಯುತ್ತದೆ. ಅದು ಇರುವವರೆಗೆ ಮರಕ್ಕೆ ಒಂದೇ ದಾರಿ. ಅದನ್ನು ಕೊಯ್ದು ಹಾಕಿದ ಕ್ಷಣ ನಿಮ್ಮ ಮುಂದಿರುವುದು ಬೊಡ್ಡೆಯ ಮೇಲೆ ಸುಮ್ಮನೆ ಕೂತ, ಕೆಲವು ಟನ್ ತೂಕದ ಕಂಬ. ಅದು ಹಿಂದಕ್ಕೂ ಕೂರಬಹುದು, ಪಕ್ಕಕ್ಕೂ ಹೊರಳಬಹುದು, ಬುಡ ಜಾರಿ ನಿಮ್ಮ ಕಾಲ ಮೇಲೂ ಬರಬಹುದು.

ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಕಾಂಡದ ಅಡ್ಡಳತೆ 40 ಸೆಂ.ಮೀ. ಎಂದಿಟ್ಟುಕೊಳ್ಳಿ. ಕಚ್ಚಿನ ಆಳ ಅಡ್ಡಳತೆಯ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಅಂದರೆ 8ರಿಂದ 10 ಸೆಂ.ಮೀ. ಕೀಲಿನ ದಪ್ಪ ಅಡ್ಡಳತೆಯ ಹತ್ತನೇ ಒಂದು ಭಾಗ, 4 ಸೆಂ.ಮೀ. ಕೀಲಿನ ಉದ್ದ, ಅಂದರೆ ಕಚ್ಚಿನ ಒಳಮೂಲೆಯ ಗೆರೆ, ಅಡ್ಡಳತೆಯ ಶೇ 80ರಷ್ಟು, ಸುಮಾರು 32 ಸೆಂ.ಮೀ. ಕಚ್ಚು ದೊಡ್ಡದಾದಷ್ಟೂ ಮರ ಸಲೀಸಾಗಿ ಬೀಳುತ್ತದೆಂದು ಯಾರೋ ಹೇಳಿದರಂತೆ, ಒಬ್ಬ ಓದುಗರು ಅರ್ಧ ಕಾಂಡದವರೆಗೆ ಕಚ್ಚು ಹಾಕಿದ್ದಾರೆ. ಆಮೇಲೆ ಹಿಂದೆ ಬಾರ್ (ಚೈನ್ ಸುತ್ತುವ ಗರಗಸದ ಉದ್ದ ಪಟ್ಟಿ) ಇಡಲಿಕ್ಕೂ ಬೆಣೆ ಹೊಡೆಯಲಿಕ್ಕೂ ಜಾಗ ಎಲ್ಲಿ ಉಳಿಯಿತು?

ಕಚ್ಚಿನ ಬಾಯಿ ಅಗಲವಾಗಿರಲಿ. ಹಳೆಯ ರೂಢಿಯ 45 ಡಿಗ್ರಿ ಕಚ್ಚಿನಲ್ಲಿ ಮರ ಅರ್ಧ ದಾರಿ ಇಳಿಯುವಷ್ಟರಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದೊಡನೆ ಕೀಲು ಹರಿಯುತ್ತದೆ, ಅಲ್ಲಿಂದ ಮುಂದೆ ಮರಕ್ಕೆ ಹಿಡಿತವಿಲ್ಲ. 70 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ತೆರೆದರೆ ಮರ ನೆಲಕ್ಕೆ ಹತ್ತಿರ ಬರುವವರೆಗೂ ಕೀಲು ಹಿಡಿದಿರುತ್ತದೆ. ಮೇಲಿನ ಓರೆ ಕೊಯ್ತ ಮೊದಲು ಹಾಕಿ, ಕೆಳಗಿನದು ಆಮೇಲೆ. ಹೀಗೆ ಮಾಡಿದರೆ ಮೇಲಿನ ಸೀಳಿನಲ್ಲಿ ಬಗ್ಗಿ ನೋಡಿದಾಗ ಕೆಳಗಿನಿಂದ ಚೈನ್ ಬಂದು ತಲುಪುವುದು ಕಣ್ಣಿಗೇ ಕಾಣುತ್ತದೆ. ಎರಡೂ ಒಂದೇ ಗೆರೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ದಾಟಬಾರದು. ದಾಟಿ ಒಳಹೋದ ಒಂದೆರಡು ಸೆಂ.ಮೀ. ಕೊಯ್ತವೆಂದರೆ ಕೀಲಿನ ನಾರನ್ನೇ ಕತ್ತರಿಸಿದಂತೆ. ಹೊರಗಿನಿಂದ ನೋಡಿದರೆ ಕೀಲು 4 ಸೆಂ.ಮೀ. ಇದೆ, ಒಳಗೆ ಹಿಡಿದಿರುವುದು 2 ಮಾತ್ರ.

ಹಿಂದಿನ ಕೊಯ್ತ ಕಚ್ಚಿನ ಮೂಲೆಗಿಂತ 2-3 ಸೆಂ.ಮೀ. ಮೇಲಿರಲಿ, ಮಟ್ಟಸವಾಗಿರಲಿ. ಮೇಲಿನಿಂದ ಕೆಳಕ್ಕೆ ಓರೆಯಾಗಿ ಕೊಯ್ದರೆ ಬೇಗ ಬೀಳುತ್ತದೆಂಬುದು ಇನ್ನೊಂದು ಕಟ್ಟುಕತೆ. ಓರೆ ಕೊಯ್ತದಲ್ಲಿ ಕೀಲಿನ ದಪ್ಪ ಎಷ್ಟಿದೆ ಎಂದು ಕೊಯ್ಯುವವನಿಗೇ ತಿಳಿಯುವುದಿಲ್ಲ, ಬೆಣೆಯೂ ನೆಟ್ಟಗೆ ಕೂರುವುದಿಲ್ಲ. ಕೀಲು ಎರಡೂ ತುದಿಯಲ್ಲಿ ಒಂದೇ ದಪ್ಪ ಇರಬೇಕು. ಒಂದು ತುದಿ ದಪ್ಪವಾಗಿದ್ದರೆ ಅದು ಕೊನೆಯವರೆಗೆ ಹಿಡಿದುಕೊಂಡು ಮರವನ್ನು ತನ್ನ ಕಡೆ ಎಳೆಯುತ್ತದೆ. ನೀವು ನಿಂತಿರುವುದು ಒಂದೇ ಮಗ್ಗುಲಲ್ಲಿ, ಆಚೆ ಮಗ್ಗುಲು ಕಾಣುವುದಿಲ್ಲ. ಹಾಗಾಗಿ ನಡುವೆ ನಿಲ್ಲಿಸಿ, ಚೈನ್ ಬ್ರೇಕ್ ಹಾಕಿ, ಸುತ್ತ ಹೋಗಿ ನೋಡಿ ಬನ್ನಿ. ನೋಡಲು ಸೋಮಾರಿತನ ಮಾಡುವವರೇ ಆಮೇಲೆ ನನಗೆ ಪತ್ರ ಬರೆಯುವುದು.

ಇನ್ನು, ಇಷ್ಟೆಲ್ಲ ಸರಿಯಾಗಿದ್ದೂ ಮರ ಏಕೆ ಬೀಳಲಿಲ್ಲ? ಅದರ ಭಾರ ಕೀಲಿನ ಹಿಂದಿದೆ, ಅಷ್ಟೇ. ಇನ್ನೂ ಕೊಯ್ದರೆ ಭಾರ ಮುಂದೆ ಬರುವುದಿಲ್ಲ, ಕೀಲು ತೆಳ್ಳಗಾಗುತ್ತದೆ, ಬಾರ್ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ಬೆಣೆ. ಪ್ಲಾಸ್ಟಿಕ್ಕಿನದೋ ಮರದ್ದೋ ಆಗಲಿ. ಕಬ್ಬಿಣದ ಬೆಣೆಗೆ ಚೈನ್ ತಾಗಿದರೆ ಹಲ್ಲೂ ಹೋಗುತ್ತದೆ, ಚೂರು ಸಿಡಿದು ಕಣ್ಣೂ ಹೋಗುತ್ತದೆ. ಕೊಯ್ತದಲ್ಲಿ ಬಾರಿನ ಹಿಂದೆ ಜಾಗ ಆದೊಡನೆ ಬೆಣೆ ಕೂರಿಸಬೇಕು. ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಂಡ ಮೇಲೆ ಬೆಣೆಗೆ ಸಂದಿಯೇ ಸಿಗುವುದಿಲ್ಲ.

ಬೆಣೆಯ ತಾಕತ್ತಿಗೂ ಮಿತಿ ಇದೆ. ನಮ್ಮ ಅದೇ 40 ಸೆಂ.ಮೀ. ಮರ 20 ಮೀಟರ್ ಎತ್ತರವಿದೆ ಎನ್ನೋಣ. ಕೀಲಿನಿಂದ ಹಿಂದಿನ ಅಂಚಿಗೆ ಸುಮಾರು 28 ಸೆಂ.ಮೀ. ಹಿಂದಿನ ಅಂಚನ್ನು 2.5 ಸೆಂ.ಮೀ. ಎತ್ತಿದರೆ ಮರದ ತುದಿ ಸುಮಾರು 1.8 ಮೀಟರ್ ಮುಂದಕ್ಕೆ ಹೋಗುತ್ತದೆ. ತುದಿ 3 ಮೀಟರ್ ಹಿಂದಕ್ಕೆ ವಾಲಿದ್ದರೆ ಆ ಒಂದು ಬೆಣೆಯಿಂದ ಕೆಲಸವಾಗದು. ಇದನ್ನು ಮೊದಲ ಕೊಯ್ತಕ್ಕೆ ಮುಂಚೆಯೇ ನೋಡಿರಬೇಕು. ದಾರಕ್ಕೆ ಭಾರ ಕಟ್ಟಿ ಕೈಯಲ್ಲಿ ತೂಗಿಬಿಟ್ಟು, ಒಂದು ಸಲ ಬೀಳುವ ದಿಕ್ಕಿಗೆ ನೇರವಾಗಿ ನಿಂತು, ಇನ್ನೊಂದು ಸಲ ಅದಕ್ಕೆ ಅಡ್ಡಲಾಗಿ ನಿಂತು ಕಾಂಡವನ್ನು ದಾರಕ್ಕೆ ಹೋಲಿಸಿ. ಕಾಂಡ ನೆಟ್ಟಗಿದ್ದೂ ಕೊಂಬೆಗಳೆಲ್ಲ ಒಂದೇ ಕಡೆ ಇದ್ದರೆ ಭಾರ ಆ ಕಡೆಗೇ. ಹಿಂದಕ್ಕೆ, ಪಕ್ಕಕ್ಕೆ ಜೋರಾಗಿ ವಾಲಿದ ಮರ ಕಲಿಯುವವರದ್ದಲ್ಲ.

ಮುಂದಕ್ಕೆ ವಾಲಿದ್ದು ಸುಲಭ ಎಂದುಕೊಳ್ಳುತ್ತೀರಿ, ನನಗೆ ಹೆಚ್ಚು ಭಯ ಅದರದ್ದೇ. ಹಿಂದಿನಿಂದ ಕೊಯ್ಯುತ್ತಾ ಹೋದಂತೆ ಮುಂದಿನ ಭಾರಕ್ಕೆ ಕಾಂಡ ಬುಡದಿಂದ ಮೇಲಕ್ಕೆ ಉದ್ದುದ್ದ ಸೀಳಿಕೊಳ್ಳುತ್ತದೆ. ಸೀಳಿದ ಹಿಂಭಾಗ ಆಳೆತ್ತರಕ್ಕೂ ಮೇಲೆ ಚಿಮ್ಮಿ, ಮುರಿದು, ನಿಂತವನ ಮೇಲೇ ಇಳಿಯುತ್ತದೆ. ಓಡಲು ಸಮಯ ಇರುವುದಿಲ್ಲ. ಇಂಥ ಮರಕ್ಕೆ ಬಾರಿನ ತುದಿಯನ್ನು ಕಾಂಡದೊಳಕ್ಕೆ ತೂರಿಸಿ, ನಡುವೆ ಕೊಯ್ದು ಕೀಲನ್ನು ಮೊದಲೇ ತಯಾರಿಸಿಕೊಂಡು, ಹಿಂದಿನ ಅಂಚಿನಲ್ಲಿ ಒಂದು ಪಟ್ಟಿ ಉಳಿಸಿ, ಅದನ್ನು ಕಟ್ಟಕಡೆಗೆ ಕತ್ತರಿಸುವ ವಿಧಾನವಿದೆ. ವಿಧಾನ ಇದೆ ಎಂದಷ್ಟೇ ಹೇಳಿದೆ, ಮಾಡಿ ಎನ್ನಲಿಲ್ಲ. ಬಾರಿನ ತುದಿಯಿಂದ ಕೊಯ್ಯುವುದನ್ನು ಪಕ್ಕದಲ್ಲಿ ಗುರು ನಿಂತಿರುವಾಗಲೇ ಕಲಿಯಬೇಕು.

ಬೆಣೆ ಹೊಡೆಯುವಾಗ ಕಣ್ಣು ಎರಡು ಕಡೆ ಇರಲಿ. ಹಿಂದಿನ ಸೀಳು ಕೂದಲೆಳೆಯಷ್ಟು ಅಗಲವಾಗುತ್ತದೆ, ಅಷ್ಟು ಹೊತ್ತು ಬಿಗಿಯಾಗಿದ್ದ ಬೆಣೆ ಏಟಿಗೆ ಸಡಿಲ ಸದ್ದು ಕೊಡುತ್ತದೆ, ಮೇಲೆ ತುದಿಯ ಎಲೆಗಳು ಗಾಳಿಯಿಲ್ಲದೆ ಅಲುಗುತ್ತವೆ. ಮರ ಹೊರಟಿತು. ಇನ್ನೊಂದು ಚೂರು ಕೊಯ್ಯೋಣ ಎಂದು ಬಗ್ಗಬೇಡಿ. ಮೊದಲೇ ಸವರಿ ಇಟ್ಟುಕೊಂಡ ದಾರಿಯಲ್ಲಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ಓರೆಗೆ, 45 ಡಿಗ್ರಿಯಲ್ಲಿ ಕನಿಷ್ಠ ಐದಾರು ಮೀಟರ್ ಹಿಂದೆ ಸರಿಯಿರಿ. ನೇರ ಹಿಂದೆ ನಿಲ್ಲಬಾರದು, ಬುಡ ಹಿಂದಕ್ಕೆ ಒದೆಯುವುದು ಅಲ್ಲಿಗೇ. ಮರ ಬಿದ್ದ ಮೇಲೂ ತಕ್ಷಣ ಹತ್ತಿರ ಹೋಗಬೇಡಿ. ಪಕ್ಕದ ಮರಗಳಲ್ಲಿ ಮುರಿದು ಸಿಕ್ಕಿಕೊಂಡ ಕೊಂಬೆಗಳು ನಿಧಾನಕ್ಕೆ ಉದುರುತ್ತವೆ.

ಆಮೇಲೆ ಬೊಡ್ಡೆ ನೋಡಿ. ಕಚ್ಚಿನ ಹಿಂದೆ ಉದ್ದಕ್ಕೂ ಒಂದೇ ಅಗಲದ, ಕಿತ್ತ ನಾರಿನ ಸಾಲು ಬಿಳಿಚಾಗಿ ನಿಂತಿದ್ದರೆ ಕೆಲಸ ಸರಿ. ಒಂದು ಕಡೆ ನಾರು ಉದ್ದ, ಇನ್ನೊಂದು ಕಡೆ ಚೈನಿನ ನುಣುಪು ಗುರುತಷ್ಟೇ ಇದ್ದರೆ, ಮರ ಹೇಳಿದಲ್ಲಿ ಬಿದ್ದಿದ್ದರೂ ಅದು ಅದೃಷ್ಟ.

ಪ್ರಶ್ನೆ: ವಿಡಿಯೋ ನೋಡಿ ಕಲಿಯಬಹುದೇ?

ಕಚ್ಚು ಹೇಗಿರುತ್ತದೆ ಎಂದು ತಿಳಿಯಬಹುದು. ಯಾವ ಮರವನ್ನು ಮುಟ್ಟದೆ ವಾಪಸ್ ಬರಬೇಕು ಎಂಬುದನ್ನು ಯಾರೂ ವಿಡಿಯೋ ಮಾಡುವುದಿಲ್ಲ. ಕೈ ಪಳಗಿಸಲು ಯಾರೋ ಎತ್ತರಕ್ಕೆ ಬಿಟ್ಟುಹೋದ ಬೊಡ್ಡೆ ಹುಡುಕಿಕೊಳ್ಳಿ. ಅದರ ಮೇಲೆ ಕಚ್ಚು, ಕೀಲು, ಹಿಂದಿನ ಕೊಯ್ತ ಹಾಕಿ, ಅಳತೆಪಟ್ಟಿ ಹಿಡಿದು ನೋಡಿ. ಕಚ್ಚಿನ ಎರಡು ಕೊಯ್ತ ಸತತವಾಗಿ ಒಂದೇ ಗೆರೆಯಲ್ಲಿ ಸೇರುವವರೆಗೆ ನಿಂತ ಮರ ಬೇಡ.

ಪ್ರಶ್ನೆ: ಹಗ್ಗ ಕಟ್ಟಿ ವಾಹನದಿಂದ ಎಳೆದರೆ ಸುರಕ್ಷಿತವಲ್ಲವೇ?

ಹಗ್ಗ ಕೀಲಿಗೆ ಸಹಾಯ ಮಾಡಬಲ್ಲದು, ಕೀಲಿನ ಬದಲಿಗೆ ಅಲ್ಲ. ಚಾಲಕನಿಗೆ ಮರ ಎಷ್ಟು ಕೊಯ್ದಿದೆ ಎಂದು ಗೊತ್ತಿಲ್ಲ, ನಿಮ್ಮ ಕೂಗು ಅವನಿಗೆ ಕೇಳುವುದಿಲ್ಲ. ಕೊಯ್ತ ಸಾಕಾಗುವ ಮೊದಲೇ ಅವನು ಎಳೆದರೆ ಕಾಂಡ ಸೀಳುತ್ತದೆ, ಚಕ್ರ ಜಾರಿ ಹಗ್ಗ ಸಡಿಲಿ ಮತ್ತೆ ಜಗ್ಗಿದರೆ ಕೀಲು ಕಿತ್ತುಬರುತ್ತದೆ. ಹಗ್ಗ ಹರಿದರೆ ಅದರ ತುದಿಗೆ ಎದುರಾಗಿ ಯಾರೂ ಇರಬಾರದು. ಕೈಯಿಂದ ಎಳೆಯುವವರೂ ಮರದ ಎತ್ತರಕ್ಕಿಂತ ದೂರದಲ್ಲಿ, ಸಾಧ್ಯವಾದರೆ ರಾಟೆ ಹಾಕಿ ಪಕ್ಕಕ್ಕೆ ಸರಿದು ನಿಂತು ಎಳೆಯಬೇಕು. ಮೂರು ಜನ ಮರದ ಮುಂದೆಯೇ ನಿಂತು ಐಸಾ ಎನ್ನುವ ಫೋಟೋ ಕಳಿಸಿದವರೇ, ಆ ಹಗ್ಗ ಮರಕ್ಕಿಂತ ಗಿಡ್ಡ.

ಪ್ರಶ್ನೆ: ಕಡಿದ ಮರ ಇನ್ನೊಂದು ಮರಕ್ಕೆ ಸಿಕ್ಕಿಹಾಕಿಕೊಂಡಿದೆ. ಆ ಇನ್ನೊಂದು ಮರವನ್ನೂ ಕಡಿದರೆ?

ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆಧಾರದ ಮರ ಕಡಿಯುವವನು ಎರಡು ಮರಗಳ ಭಾರದ ಕೆಳಗೆ ನಿಂತಿರುತ್ತಾನೆ. ಅದರ ಮೇಲೆ ಮೂರನೇ ಮರ ಬೀಳಿಸುವುದು, ಮೇಲೆ ಹತ್ತುವುದು, ಬುಡದಿಂದ ತುಂಡು ತುಂಡಾಗಿ ಕೊಯ್ಯುವುದು, ಯಾವುದೂ ಬೇಡ. ಸಣ್ಣ ಮರವಾದರೆ ಕೊಕ್ಕೆಯ ಹಾರೆ ಹಾಕಿ ಕಾಂಡವನ್ನು ಹೊರಳಿಸಿದಾಗ ಬಿಡಿಸಿಕೊಂಡೀತು. ದೊಡ್ಡದಾದರೆ ದೂರದಿಂದ ವಿಂಚ್ ಹಾಕಿ ಬುಡವನ್ನು ಹಿಂದಕ್ಕೆ ಎಳೆಯಬೇಕು. ಎರಡೂ ಇಲ್ಲದಿದ್ದರೆ ಸುತ್ತ ಯಾರೂ ಬಾರದಂತೆ ಗುರುತು ಕಟ್ಟಿ, ಬಲ್ಲವರನ್ನು ಕರೆಯಿರಿ.

ಪ್ರಶ್ನೆ: ಒಳಗೆ ಟೊಳ್ಳಿದೆಯೇ ಎಂದು ತಿಳಿಯುವುದು ಹೇಗೆ?

ಬುಡದಲ್ಲಿ ಅಣಬೆ ಎದ್ದಿದ್ದರೆ ಅನುಮಾನಪಡಿ. ಕೊಡಲಿಯ ಹಿಂಬದಿಯಿಂದ ಸುತ್ತಲೂ ತಟ್ಟಿ, ಟೊಳ್ಳು ಸದ್ದು ಬಂದರೆ ಆ ಮರ ಬಿಡಿ. ಕೊಯ್ಯಲು ಶುರುಮಾಡಿದ ಮೇಲೂ ಪುಡಿಯ ಮೇಲೆ ಕಣ್ಣಿರಲಿ. ತಿಳಿ ಬಣ್ಣದ ಚಕ್ಕೆ ಬರುತ್ತಿದ್ದಲ್ಲಿ ಕಂದು ಬಣ್ಣದ ನುಣ್ಣನೆಯ ಹುಡಿ ಬಂದರೆ ಬಾರ್ ಕೊಳೆತ ಭಾಗಕ್ಕೆ ಇಳಿದಿದೆ. ಕೊಳೆತ ಮರದಲ್ಲಿ ಕೀಲು ನಿಲ್ಲುವುದಿಲ್ಲ, ಮೇಲಿನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ತೆಂಗು, ತಾಳೆಗೂ ಇದೇ ಕ್ರಮವೇ?

ಅಲ್ಲ. ಅವುಗಳಲ್ಲಿ ಗಟ್ಟಿ ಇರುವುದು ಹೊರಸುತ್ತು, ನಡುವೆ ಮೆತ್ತಗೆ. ಬೇರೆ ಮರದ ಕೀಲಿನ ಲೆಕ್ಕವನ್ನು ನಂಬಿ ಅವಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಚೈನ್ ಬ್ರೇಕ್ ಇರುವಾಗ ಗರಗಸ ಮುಖಕ್ಕೆ ಹಾರುವ ಭಯ ಏಕೆ?

ಬಾರಿನ ಮೂತಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ಬ್ರೇಕ್ ಚೈನನ್ನು ನಿಲ್ಲಿಸುತ್ತದೆ, ಚಿಮ್ಮುವುದನ್ನು ತಡೆಯುವುದಿಲ್ಲ. ಎಡಗೈ ಹೆಬ್ಬೆರಳು ಹಿಡಿಕೆಯ ಕೆಳಗಿನಿಂದ ಸುತ್ತಿರಲಿ, ಗರಗಸ ಭುಜಕ್ಕಿಂತ ಮೇಲೆ ಹೋಗದಿರಲಿ, ಎರಡೂ ಕೈ ಯಾವಾಗಲೂ ಅದರ ಮೇಲಿರಲಿ.

ಪ್ರಶ್ನೆ: ಏಣಿ ಹಾಕಿ ಕೊಂಬೆ ಕೊಯ್ಯಬಹುದೇ?

ಇಲ್ಲ.

ಪ್ರಶ್ನೆ: ಸುತ್ತಲೂ ಸಮನಾಗಿ ಕೊಯ್ದರೆ ನಿಂತಲ್ಲೇ ಕುಸಿಯುತ್ತದಂತೆ. ಬಹಳ ವರ್ಷಗಳ ಅನುಭವಸ್ಥರು ಹೇಳಿದ್ದು.

ಅವರು ಚಪ್ಪಲಿ ಹಾಕಿಕೊಂಡು ಮರ ಕಡಿಯುವವರೂ ಇರಬೇಕು. ವರ್ಷಗಟ್ಟಲೆ ಬದುಕುಳಿದದ್ದು ವಿಧಾನ ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಸುತ್ತ ಕೊಯ್ದರೆ ಕೀಲೇ ಇರುವುದಿಲ್ಲ.

ಪ್ರಶ್ನೆ: ಜನರನ್ನು ಎಷ್ಟು ದೂರ ನಿಲ್ಲಿಸಬೇಕು? ಮರದ ಎತ್ತರ ಅಳೆಯುವುದು ಹೇಗೆ?

ಮರದ ಎತ್ತರದ ಎರಡರಷ್ಟು ದೂರ, ಎಲ್ಲ ದಿಕ್ಕಿಗೂ. ಅಳೆಯಲು, ಕೈ ಮುಂದೆ ಚಾಚಿ ಕಣ್ಣಿನಿಂದ ಮುಷ್ಟಿಗೆ ಎಷ್ಟಿದೆಯೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲೆ ನೆಟ್ಟಗೆ ಬರುವಂತೆ ಹಿಡಿಯಿರಿ. ಮುಷ್ಟಿ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಸರಿಹೊಂದುವವರೆಗೆ ಹಿಂದೆ ಹೋಗಿ. ನೆಲ ಮಟ್ಟಸವಾಗಿದ್ದರೆ ಅಲ್ಲಿಂದ ಮರಕ್ಕಿರುವ ದೂರವೇ ಹೆಚ್ಚುಕಡಿಮೆ ಅದರ ಎತ್ತರ.

ಪ್ರಶ್ನೆ: ಫೋಟೋ ಲಗತ್ತಿಸಿದ್ದೇನೆ. ಈ ಮರವನ್ನು ನಾನೇ ಕಡಿಯಬಹುದೇ?

ಫೋಟೋದಲ್ಲಿ ವಾಲು ತಿಳಿಯುವುದಿಲ್ಲ, ಟೊಳ್ಳೂ ತಿಳಿಯುವುದಿಲ್ಲ, ಆದ್ದರಿಂದ ಇಂಥ ಪತ್ರಗಳಿಗೆ ನಾನು ಉತ್ತರಿಸುವುದಿಲ್ಲ. ನಿಮ್ಮದಕ್ಕೆ ಉತ್ತರಿಸುತ್ತಿರುವುದು ಎಡ ಅಂಚಿನಲ್ಲಿ ಕೊಂಬೆಗಳ ನಡುವೆ ಕರೆಂಟ್ ತಂತಿ ಕಾಣುತ್ತಿರುವುದರಿಂದ. ಗರಗಸ ಒಳಗಿಡಿ, ವಿದ್ಯುತ್ ಕಚೇರಿಗೆ ಫೋನ್ ಮಾಡಿ. ಅವರು ಲೈನ್ ಆಫ್ ಮಾಡಿ ಬರುವವರೆಗೆ ಆ ಮರಕ್ಕೆ ಹಗ್ಗವನ್ನೂ ಎಸೆಯಬೇಡಿ.